ಡಬ್ಬಿಯಲ್ಲಿ ಉಳಿದವರು

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಕಡೆ ತೆಂಗಿನಕಾಯಿ ರೇಟು ಯಾವಾಗ ಏರೀತು ಎಂದು ಯಾರೂ ಹೇಳಲಾರರು. ಚೀಟಿಯ ಲೆಕ್ಕ ಹಾಗಲ್ಲ, ಬೆರಳಲ್ಲೇ ಮುಗಿಯುತ್ತದೆ.

ಇಪ್ಪತ್ತು ಜನ ಸೇರಿ ಚೀಟಿ ಹಾಕಿದರೆನ್ನಿ. ಸ್ಟೀಲ್ ಡಬ್ಬಿಯಲ್ಲಿ ಮಡಿಸಿಟ್ಟ 20 ಹೆಸರು. ಎತ್ತಲು ಓದು ಬಾರದ ಒಂದು ಮಗು. ಒಮ್ಮೆ ಎದ್ದ ಹೆಸರು ಮತ್ತೆ ಡಬ್ಬಿಗೆ ಬೀಳುವಂತಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯೂ ಸರದಿಯನ್ನು ಹರಾಜು, ಟೆಂಡರ್ ಅಲ್ಲದೆ ಹೀಗೆ ಚೀಟಿ ಎತ್ತಿಯೂ ಗೊತ್ತುಮಾಡಬಹುದು ಎನ್ನುತ್ತದೆ.

ಮೊದಲ ತಿಂಗಳು ಅವಕಾಶ 20ರಲ್ಲಿ 1. ತಪ್ಪಿತೇ? ಮುಂದಿನ ಸಲ 19ರಲ್ಲಿ 1, ಆಮೇಲೆ 18ರಲ್ಲಿ 1. ಸೋತಷ್ಟೂ ಆಸೆ ಬಲಿಯುವ ವ್ಯವಹಾರ! ಗಣಿತದ ಮೇಷ್ಟ್ರು ಇದನ್ನು ಷರತ್ತುಬದ್ಧ ಸಂಭವನೀಯತೆ ಅಂತಾರೆ. ಜಗಲಿ ಮೇಲಿನ ಅಜ್ಜಿ ಕೇಳುವುದು, “ಇನ್ನೆಷ್ಟು ಜನ ಉಳ್ಕಂಡವ್ರೆ ಕಣವ್ವ?”

“ಹಂಗಾದ್ರೆ ಎರಡನೇ ತಿಂಗಳೇ ಲಾಭ ಬುಡಕ್ಕ” ಎಂದು ಯಾರಾದರೂ ಎಳೆದರೆ ಗುಣಾಕಾರ ಮಾಡಿಸಬೇಕು. ಎರಡನೆಯದರಲ್ಲಿ ಏಳಲು ಮೊದಲನೆಯದು ತಪ್ಪಿರಬೇಕಲ್ಲ: 19/20 × 1/19. ಹತ್ತೊಂಬತ್ತುಗಳು ಹೊಡೆದುಹೋಗಿ ಮತ್ತದೇ 1/20. ಯಾವ ತಿಂಗಳಿಗೂ ಅಷ್ಟೇ.

ಕೊನೆಯ ತಿಂಗಳು ಉಳಿಯುವುದು ಒಂದೇ ಚೀಟಿ. ಆದರೂ ಡಬ್ಬಿ ಅಲ್ಲಾಡಿಸಿಯೇ ಎತ್ತುತ್ತಾರೆ. ಇಲ್ಲದಿದ್ದರೆ ಆ ಮನೆಯವರು ಕಾಫಿ ಕೊಡಬೇಕಲ್ಲ ಎಂಬುದೇ ಮರೆತುಬಿಟ್ಟಾರು.