ದಾಸೋಹ ನಮ್ಮದು, ಈಡು ಅವರದು

ಕ್ಯಾಲಿಫೋರ್ನಿಯಾದ ಆಫೀಸುಗಳು ಗಂಟುಮೂಟೆ ಕಟ್ಟಿಕೊಂಡು ಟೆಕ್ಸಾಸಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. 2021ರಲ್ಲಿ ಟೆಸ್ಲಾ ತನ್ನ ಕೇಂದ್ರ ಕಚೇರಿಯನ್ನು ಆಸ್ಟಿನ್‌ಗೆ ತಂದಿತು. ಅದರ ಹಿಂದೆ ಮುಂದೆ ಇನ್ನೆಷ್ಟೋ ಕಂಪನಿಗಳು ಬಂದವು, ಕಂಪನಿಗಳ ಬಾಲ ಹಿಡಿದುಕೊಂಡು ನಾವೂ ಬಂದೆವು. ಬಂದವರ ವಾಟ್ಸಾಪ್ ಗುಂಪಿನಲ್ಲಿ ಮೊದಲು ಮನೆ ಬಾಡಿಗೆ, ಆಮೇಲೆ ಮಕ್ಕಳ ಸ್ಕೂಲು, ಆಮೇಲೆ ಕರಿಬೇವಿನ ಗಿಡ ಇಲ್ಲಿನ ಚಳಿಗೆ ಉಳಿದೀತೇ ಎಂಬ ಚರ್ಚೆ. ಅಕ್ಟೋಬರ್ ಹತ್ತಿರವಾದಂತೆ ಕೊಡಗಿನವರೂ ಮಲೆನಾಡಿನವರೂ ಮೆಲ್ಲಗೆ ಬಾಯಿ ಬಿಡುತ್ತಾರೆ: ‘ಇಲ್ಲಿ ಜಿಂಕೆ ಬೇಟೆ ಹೇಗೆ ಮಾರಾಯ್ರೆ?’

ವಿಚಾರಿಸಲು ಹೊರಟವರಿಗೆ ಮೊದಲು ಎದುರಾಗುವುದು ದರಪಟ್ಟಿ. ಟೆಕ್ಸಾಸಿನವರಾದರೆ ಬೇಟೆ ಲೈಸೆನ್ಸಿಗೆ 25 ಡಾಲರ್, ಹೊರಗಿನವರಾದರೆ 315. ಟೆಕ್ಸಾಸಿನವರು ಅನ್ನಿಸಿಕೊಳ್ಳಲು ಆರು ತಿಂಗಳು ಬಿಡದೆ ಇಲ್ಲಿ ವಾಸ ಮಾಡಿರಬೇಕು. ಬೇಸಿಗೆ ರಜೆಯಲ್ಲಿ ಸಾಮಾನು ಇಳಿಸಿದವರು ನವೆಂಬರಿನ ಮೊದಲ ಶನಿವಾರ ಸೀಸನ್ ಶುರುವಾಗುವಾಗಲೂ ಹೊರಗಿನವರೇ. ಮಾರಾಟ ತೆರಿಗೆ, ರಸ್ತೆಯ ಟೋಲು ಮಾತ್ರ ಮೊದಲ ದಿನದಿಂದಲೇ ಊರಿನವರ ಸಮಕ್ಕೆ.

ಈ ಕಿರಿಕಿರಿಯನ್ನು ಯಾರ ಮುಂದೆ ತೋಡಿಕೊಳ್ಳುವುದು? ಜಿಂಕೆಯನ್ನು ಕೇಳಲು ಹೋದರೆ ಓಡುತ್ತದೆ. ಬೇಟೆಗಾರನನ್ನು ಕೇಳಿದರೆ ಕೊಂಬಿನ ಅಳತೆಯಲ್ಲಿ ಸುಳ್ಳು ಹೇಳುತ್ತಾನೆ. ಉಳಿದದ್ದು ಜಿಂಕೆಗೆ ಕಾಳು ಹಾಕುವ ಯಂತ್ರ, ಫೀಡರ್. ಆಸ್ಟಿನ್‌ನಿಂದ ವಾಯವ್ಯಕ್ಕೆ, ‘ಟೆಕ್ಸಾಸಿನ ಜಿಂಕೆ ರಾಜಧಾನಿ’ ಎಂದು ತನ್ನನ್ನು ತಾನೇ ಕರೆದುಕೊಳ್ಳುವ ಲ್ಯಾನೊ ಕಡೆಯ ರಾಂಚೊಂದರಲ್ಲಿ ಅದು ಮೂರು ಕಾಲೂರಿ ನಿಂತಿತ್ತು. ದೊಡ್ಡ ಡ್ರಮ್ಮಿನ ಹೊಟ್ಟೆ ತುಂಬ ಮೆಕ್ಕೆಜೋಳ. ಡ್ರಮ್ಮಿನ ಅಡಿಗೆ ಬ್ಯಾಟರಿ, ಮೋಟಾರು, ಟೈಮರು, ಕಾಳು ಎರಚುವ ತಟ್ಟೆ. ತಟ್ಟೆಯ ಸುತ್ತ ತಂತಿಯ ಪಂಜರ, ಪಂಜರಕ್ಕೆ ಯಾವುದೋ ಪ್ರಾಣಿಯ ಕೆಸರುಗೈ ಮೆತ್ತಿತ್ತು. ಒಂದು ಕಾಲು ಸ್ವಲ್ಪ ಸೊಟ್ಟಗಾಗಿತ್ತು. ಅದರ ಬಗ್ಗೆ ನಾನೇನೂ ಕೇಳಿರಲಿಲ್ಲ.

ಫೀಡರ್: ಮೊದಲು ಈ ಕಾಲು ನೋಡ್ರಿ. ಇದು ಹಂದಿ ಮಾಡಿದ ಕೆಲಸ.

ಪ್ರಶ್ನೆ: ಹಂದಿ ವಿಚಾರಕ್ಕೆ ಆಮೇಲೆ ಬರೋಣ ಯಜಮಾನರೇ. ಮೊದಲು ನಿಮ್ಮ ಪರಿಚಯ.

ಫೀಡರ್: ನಮ್ಮದು ದಾಸೋಹ ರೀ. ದಿನಕ್ಕ ಎರಡು ಪಂಕ್ತಿ. ಮುಂಜಾನೆ ಹೊತ್ತು ಹುಟ್ಟೂ ಮುಂದ ಒಂದು, ಸಂಜೀಕ ಒಂದು. ಟೈಮರ್ ಟಿಕ್ ಅಂದ ಕೂಡ್ಲೆ ಗರ್ರ್ ಅಂತ ತಿರುಗತೀನಿ, ಸುತ್ತಲೂ ಕಾಳು ಬೀಳ್ತಾವ. ಜಾತಿ ಕೇಳೂದಿಲ್ಲ, ಊರು ಕೇಳೂದಿಲ್ಲ, ರೊಕ್ಕ ಕೇಳೂದಿಲ್ಲ. ಬಂದವರಿಗೆಲ್ಲ ಹೊಟ್ಟಿ ತುಂಬ ಊಟ.

ಪ್ರಶ್ನೆ: ಪಂಕ್ತಿ ನಡೆಯುವ ಹೊತ್ತಿಗೇ ನೂರು ಗಜ ಆಚೆ ಅಟ್ಟಣೆ ಪೆಟ್ಟಿಗೆಯಲ್ಲಿ ಕೋವಿ ಹಿಡಿದವರು ಕೂತಿರುತ್ತಾರಲ್ಲ?

ಫೀಡರ್: ಅದು ಆಡಳಿತ ಮಂಡಳಿ ವಿಷಯ. ನಂದು ಅಡಗಿ ವಿಭಾಗ.

ಪ್ರಶ್ನೆ: ಹೊತ್ತು ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಈಡು ಹೊಡೆಯಬಹುದು ಅನ್ನುತ್ತದೆ ಕಾನೂನು. ನಿಮ್ಮ ಎರಡು ಪಂಕ್ತಿಯೂ ಸರಿಯಾಗಿ ಅದರೊಳಗೇ ಬೀಳುತ್ತದೆ. ಕಾಕತಾಳೀಯವೇ?

ಫೀಡರ್: ಮಧ್ಯರಾತ್ರಿ ಊಟಾ ಬಡಿಸಿದ್ರ ಆರೋಗ್ಯ ಕೆಡತೈತಿ ರೀ. ಮ್ಯಾಲ ಆ ಹೊತ್ತಿಗೆ ಹಂದಿ ಬರ್ತಾವ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಕಾಳು ಚೆಲ್ಲಿ ಜಿಂಕೆ ಹೊಡೆದರೆ ಅಪರಾಧ. ಅಯೋವಾದಲ್ಲೂ ಅಷ್ಟೇ. ಅಲ್ಲಿಂದ ಬಂದವರಿಗೆ ನಿಮ್ಮನ್ನು ಕಂಡರೆ ಸ್ವಲ್ಪ ಮುಜುಗರ.

ಫೀಡರ್: ಆ ರಾಜ್ಯದವರಿಗೆ ದಾನಧರ್ಮದ ರೂಢಿ ಇಲ್ಲ. ಇಲ್ಲಿ ಪೆಟ್ರೋಲ್ ಬಂಕಿನಾಗೂ ಜಿಂಕಿ ಜೋಳದ ಚೀಲ ಮಾರ್ತಾರ, 50 ಪೌಂಡಿನ ಚೀಲ. ಭಕ್ತರು ಹೊತ್ತು ತರ್ತಾರ. ಒಂದು ಮಾತು ಮಾತ್ರ ತಿಳ್ಕೋರಿ. ಟೆಕ್ಸಾಸಿನ ಕಾನೂನು ಪ್ರಕಾರ ಕಾಡುಪ್ರಾಣಿ ಎಲ್ಲಾ ಜನರ ಆಸ್ತಿ. ಆದ್ರ ನೂರಕ್ಕ 95 ಪಾಲು ಜಾಗಾ ಖಾಸಗಿ. ಜಿಂಕಿ ನಿಮ್ಮದು, ಅದು ನಿಂತ ನೆಲ ರಾಂಚ್ ಮಾಲಕಂದು. ನಿಮ್ಮ ಜಿಂಕಿ ನೋಡಬೇಕಂದ್ರ ಅವನ ಗೇಟಿಗೆ ಗುತ್ತಿಗಿ ಕಟ್ಟಬೇಕು. 48 ಡಾಲರಿನ ಪರ್ಮಿಟ್ ತಗೊಂಡು ಸರ್ಕಾರಿ ಜಾಗಾಕ್ಕೂ ಹೋಗಬಹುದು, ಆದ್ರ ಅಲ್ಲಿ ದಾಸೋಹ ಇಲ್ಲ.

ಪ್ರಶ್ನೆ: ಗೇಟಿಗೆ ಬರುವ ಮೊದಲೇ ನಮ್ಮನ್ನು ಕೌಂಟರಿನಲ್ಲಿ ತಡೆಯುತ್ತಾರಲ್ಲ! 25ರ ಲೈಸೆನ್ಸಿಗೆ 315. ಇದು ಯಾವ ನ್ಯಾಯ?

ಫೀಡರ್: ಸುಪ್ರೀಂ ಕೋರ್ಟಿನ ನ್ಯಾಯ. ಮೊಂಟಾನಾದಾಗ ಹೊರಗಿನವರಿಗೆ ಎಲ್ಕ್ ಅನ್ನೂ ದೊಡ್ಡ ಜಿಂಕಿ ಬೇಟೆಗೆ ಭಾರೀ ಫೀ ಹಾಕಿದ್ರು. ಕೆಲವರು ಕೋರ್ಟಿಗೆ ಹೋದ್ರು. 1978ರಾಗ ತೀರ್ಪು ಬಂತು: ಪರರಾಜ್ಯದಾಗ ಮೋಜಿಗೆ ಬೇಟೆ ಆಡೂದು ಮೂಲಭೂತ ಹಕ್ಕಲ್ಲ, ಫೀ ಹೆಚ್ಚಿಗಿ ಹಾಕಬಹುದು ಅಂತ. ಆರು ತಿಂಗಳು ತಡೀರಿ, ಸಾಕು. ಆಮ್ಯಾಲ ಮೂರು ಕಾಗದ ತೋರಿಸ್ರಿ: ಆರು ತಿಂಗಳಿನ ಕರೆಂಟ್ ಬಿಲ್ಲು, ಪಗಾರ ಚೀಟಿ, ಗಾಡಿ ರಿಜಿಸ್ಟ್ರೇಷನ್, ಹಿಂಗ ಒಂದು ಪಟ್ಟಿ ಐತಿ. ಪೆರೋಲ್ ಮಂಡಳಿ ಬರದ ಕೊಟ್ಟ ಪತ್ರಾನೂ ನಡೀತೈತಿ.

ಪ್ರಶ್ನೆ: ಪೆರೋಲ್ ಮಂಡಳಿಯ ಪತ್ರ! ಜೈಲಿನಿಂದ ಹೊರಬಂದವನು ಆರು ತಿಂಗಳಲ್ಲಿ ಊರಿನವನಾಗುತ್ತಾನೆ. ನನ್ನ ಹತ್ತಿರ ಬಿಲ್ಲಿದೆ, ಪಗಾರ ಚೀಟಿಯಿದೆ, ತೆರಿಗೆ ಕಟ್ಟಿದ ಕಾಗದ ಪೆಟ್ಟಿಗೆ ತುಂಬ ಇದೆ. ಗ್ರೀನ್ ಕಾರ್ಡಿನವರು ಅದನ್ನೆಲ್ಲ ಕಣ್ಣೆತ್ತಿಯೂ ನೋಡುವುದಿಲ್ಲ. 1990ರ ಕಾನೂನು, ವರ್ಷಕ್ಕೆ ಉದ್ಯೋಗದ ಲೆಕ್ಕದಲ್ಲಿ 1,40,000 ಕಾರ್ಡು, ಒಂದು ದೇಶದವರಿಗೆ ನೂರಕ್ಕೆ 7. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ! ನೀವೇ ಹೇಳಿ—

ಫೀಡರ್: ಸಂದರ್ಶನ ನಂದೋ ನಿಮ್ಮದೋ?

ಪ್ರಶ್ನೆ: ಕ್ಷಮಿಸಿ. ಹಂದಿ ಅಂದಿರಿ.

ಫೀಡರ್: ಈಗ ಸರಿಯಾದ ಪ್ರಶ್ನೆ ಕೇಳಿದ್ರಿ! ರಾತ್ರಿ ಬರ್ತಾವ, ಮರಿ, ಅಜ್ಜಿ, ಬೀಗರು ಎಲ್ಲಾ ಸೇರಿ. ಪಂಕ್ತಿ ಅಂದ್ರ ಏನಂತ ಗೊತ್ತಿಲ್ಲ. ಕಾಳು ತಿಂದ ಮ್ಯಾಲ ನೆಲಾನೂ ಅಗದು ತಿಂತಾವ. ನನ್ನ ಕಾಲಿಗೆ ಮೈ ತಿಕ್ಕಿ ತಿಕ್ಕಿ ಸೊಟ್ಟ ಮಾಡಿದ್ವು. ಅದಕ್ಕ ಸುತ್ತಲೂ ಬೇಲಿ ಹಾಕಿದ್ರು. ಜಿಂಕಿ ಬೇಲಿ ಜಿಗದು ಬರ್ತೈತಿ, ಹಂದಿ ಬೇಲಿನ ಎತ್ತಿ ಒಳಗ ಬರ್ತೈತಿ. ಇನ್ನೊಬ್ಬಂವ ರಕೂನ್. ಕಣ್ಣಿಗೆ ಕಪ್ಪು ಪಟ್ಟಿ ಕಟ್ಕೊಂಡ ಹುಟ್ಟಿದ ಕಳ್ಳ. ಮ್ಯಾಲ ಏರಿ, ಪಂಜರದಾಗ ಕೈ ಹಾಕಿ, ತಾಟು ತಾನ ತಿರುವಿ ಕಾಳು ಉದುರಿಸ್ಕೊಂತಾನ. ಟೈಮರ್ ಮರ್ಯಾದಿ ಏನು ಉಳೀತು?

ಪ್ರಶ್ನೆ: ಸರ್ಕಾರ ಸುಮ್ಮನೆ ಕೂತಿದೆಯೇ?

ಫೀಡರ್: ಸರ್ಕಾರದವರು ಶ್ಯಾಣ್ಯಾರು. 2011ರಾಗ ಹೆಲಿಕಾಪ್ಟರಿನಾಗಿಂದ ಹಂದಿ ಹೊಡೀಬಹುದು ಅಂತ ಕಾನೂನು ಮಾಡಿದ್ರು. 2017ರಾಗ ಬಿಸಿಗಾಳಿ ಬಲೂನಿನಾಗಿಂದ. 2019ರಾಗ, ಖಾಸಗಿ ಜಾಗಾದಾಗ ಮಾಲಕ ಹೂಂ ಅಂದ್ರ ಲೈಸೆನ್ಸೂ ಬ್ಯಾಡ ಅಂದ್ರು. ಊರಿನವರಾದ್ರೂ ನಡೀತೈತಿ, ಹೊರಗಿನವರಾದ್ರೂ ನಡೀತೈತಿ. ನಿಮ್ಮಂಥವರಿಗೆ ಇದಕ್ಕಿಂತ ಛಲೋ ಸ್ವಾಗತ ಏನು ಬೇಕ್ರಿ?

ಪ್ರಶ್ನೆ: ಕೋವಿಯೇ ನಮ್ಮ ಸಮಸ್ಯೆ. ಎಚ್-1ಬಿ ವೀಸಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಫೆಡರಲ್ ಕಾನೂನು.

ಫೀಡರ್: ಬೇಟೆ ಲೈಸೆನ್ಸ್ ಇದ್ದರ ವಿನಾಯಿತಿ ಐತಿ. ಯಾವ ರಾಜ್ಯದ್ದಾದ್ರೂ ಆಗ್ತೈತಿ, ಅವಧಿ ಮುಗದಿರಬಾರದು, ಅಷ್ಟ.

ಪ್ರಶ್ನೆ: ಅದನ್ನೇ ಹೇಳುತ್ತಿರುವುದು! 315 ಡಾಲರ್ ಕೊಟ್ಟರೆ ಕೈಗೆ ಕೋವಿ ಕೊಡುವಷ್ಟು ನಂಬಿಕೆ ಈ ದೇಶಕ್ಕೆ ನನ್ನ ಮೇಲಿದೆ. ಕೆಲಸ ಹೋದರೆ ಮಾತ್ರ 60 ದಿನದಲ್ಲಿ ಬೇರೆ ಕೆಲಸ ಹುಡುಕು, ಇಲ್ಲವೇ ಊರು ಬಿಡು. ಗ್ರೀನ್ ಕಾರ್ಡಿನ ಸಾಲಿನಲ್ಲಿ—

ಫೀಡರ್: ಮತ್ತ ಶುರು ಮಾಡಿದ್ರಿ. ನಿಮ್ಮ ದೇಶದವರಿಗೆ ಇಲ್ಲಿ ಜಾಗಾ ಇಲ್ಲ ಅಂತ ಯಾರು ಹೇಳಿದ್ರು? ಸಂಜೀಕ ನನ್ನ ಪಂಕ್ತಿಗೆ ಬರ್ರಿ. ಮೈತುಂಬ ಬಿಳಿ ಚುಕ್ಕಿ ಇರೂ ಜಿಂಕಿ, ಹಿಂಡು ಹಿಂಡು ಬರ್ತಾವ. ನಿಮ್ಮ ಕಡಿಂದನ ಬಂದದ್ದು.

ಪ್ರಶ್ನೆ: ನಮ್ಮ ಬಂಡೀಪುರದ ಚುಕ್ಕೆ ಜಿಂಕೆ! 1932ರಲ್ಲಿ ತಂದು ಬಿಟ್ಟರಂತೆ. ಕೃಷ್ಣಮೃಗವನ್ನೂ ತಂದರು, ತೆಂಕಣ ಟೆಕ್ಸಾಸಿಗೆ ನೀಲಗಾಯಿಯನ್ನೂ ತಂದರು. ಅವಕ್ಕೆ ಯಾವ ವೀಸಾ ಕೇಳಿದರು? ಯಾವ ಸಾಲಿನಲ್ಲಿ ನಿಲ್ಲಿಸಿದರು? ಬಂದವು, ಮೇಯ್ದವು, ಮರಿ ಹಾಕಿದವು, ಊರಿನವೇ ಆದವು!

ಫೀಡರ್: ಊರಿನವು ಆಗಿಲ್ಲ ಸಾಹೇಬ್ರ. ಬಿಳಿಬಾಲದ ಜಿಂಕಿ ಇಲ್ಲಿಂದು. ಅದಕ್ಕ ಸೀಸನ್ ಐತಿ, ಇಷ್ಟ ಹೊಡೀಬೇಕು ಅಂತ ಟ್ಯಾಗ್ ಐತಿ. ನಿಮ್ಮ ಚುಕ್ಕಿ ಜಿಂಕಿಗೆ ಸೀಸನ್ನೂ ಇಲ್ಲ, ಮಿತೀನೂ ಇಲ್ಲ. ಮಾಲಕ ಒಪ್ಪಿದ್ರ ಜನವರಿನಾಗೂ ಹೊಡೀಬಹುದು, ಜೂನಿನಾಗೂ ಹೊಡೀಬಹುದು. ತೊಂಬತ್ತು ವರ್ಷ ಆತು, ಈಗಲೂ ಸರ್ಕಾರಿ ಕಾಗದದಾಗ ಅವುಗಳ ಹೆಸರು ‘ಎಕ್ಸಾಟಿಕ್’.

ಇಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಈಗ ಚುಕ್ಕೆ ಜಿಂಕೆಗೆ ಕೋವಿ ತೋರಿಸಿದರೂ ಕೇಸು. ಕೃಷ್ಣಮೃಗದ ಕೇಸಿನಲ್ಲಿ ಸಿನಿಮಾ ನಟರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಸವೆಸಿದ್ದನ್ನು ಇಡೀ ದೇಶ ನೋಡಿದೆ. ಕಾಯ್ದೆ ಬರುವ ಮುಂಚೆ ಅಜ್ಜ ಹೊಡೆದ ಪ್ರಾಣಿಯನ್ನು ಮೊಮ್ಮಗ ಏಳು ಸಮುದ್ರ ದಾಟಿ ಬಂದು ಕಾನೂನುಬದ್ಧವಾಗಿ ಹೊಡೆಯಬಹುದು. ವಾಟ್ಸಾಪ್ ಗುಂಪಿನ ಕೊಡಗಿನವರಿಗೆ ಇದನ್ನು ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ.

ಪ್ರಶ್ನೆ: ಇನ್ನೊಂದು ವಿಷಯ ಕೇಳಬೇಕು. ಸಿಡಬ್ಲ್ಯುಡಿ, ಅಂದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಜಿಂಕೆ ರೋಗ.

ಫೀಡರ್: ರಕೂನ್ ಬಗ್ಗೆ ಇನ್ನೂ ಹೇಳೂದೈತಿ.

ಪ್ರಶ್ನೆ: ರಕೂನ್ ಸಾಕು. ಈ ರೋಗವನ್ನು ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದಲ್ಲಿ, ದೊಡ್ಡಿಯಲ್ಲಿ ಸಾಕಿದ್ದ ಜಿಂಕೆಗಳಲ್ಲಿ. ಮಿದುಳು ತೂತು ತೂತಾಗುತ್ತದೆ. ಜಿಂಕೆ ಜೊಲ್ಲು ಸುರಿಸುತ್ತ, ತಲೆ ತಗ್ಗಿಸಿಕೊಂಡು, ಚಕ್ಕಳವಾಗಿ ಸಾಯುತ್ತದೆ. ಔಷಧಿಯಿಲ್ಲ, ಲಸಿಕೆಯಿಲ್ಲ. ಬಂದದ್ದು ಉಳಿದ ಉದಾಹರಣೆಯಿಲ್ಲ. ಅದನ್ನು ಹರಡುವ ಪ್ರಿಯಾನ್ ಜೊಲ್ಲಿನಲ್ಲಿ, ಉಚ್ಚೆಯಲ್ಲಿ, ಹಿಕ್ಕೆಯಲ್ಲಿ ಇಳಿದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೆಕ್ಸಾಸಿನಲ್ಲಿ 2012ರಲ್ಲಿ ಪಶ್ಚಿಮದ ಗುಡ್ಡಗಳ ಕಾಡುಜಿಂಕೆಯಲ್ಲಿ ಸಿಕ್ಕಿತು. 2015ರಲ್ಲಿ ಮೆದಿನಾ ಕೌಂಟಿಯ ತಳಿ ದೊಡ್ಡಿಯಲ್ಲಿ ಸಿಕ್ಕಿತು. ಆ ದೊಡ್ಡಿಗಳಲ್ಲಿ ಏನು ನಡೆಯುತ್ತದೆ? ಕೊಂಬು ಮಾತ್ರ ನೋಡಿ ಗಂಡುಗಳನ್ನು ಆರಿಸಿ, ಅವುಗಳ ವೀರ್ಯ ಮಾರಿ, ಕತ್ತಿನ ಮೇಲೆ ಮರ ಬೆಳೆದಂಥ ಜಿಂಕೆ ಹುಟ್ಟಿಸುತ್ತಾರೆ. ಕಿವಿಗೆ ನಂಬರು ಹೊಡೆದು ಗಾಡಿಯಲ್ಲಿ ತುಂಬಿ ಒಂದು ರಾಂಚಿನಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ಎತ್ತರದ ಬೇಲಿಯೊಳಗೆ ಇಳಿಸುತ್ತಾರೆ. ಕೊಂಬಿನ ಇಂಚು ಲೆಕ್ಕ ಹಾಕಿ ಹಣ ಕಟ್ಟಿದವನು ಬಂದು ಹೊಡೆದು ‘ಬೇಟೆ ಆಡಿದೆ’ ಅನ್ನುತ್ತಾನೆ. ಒಂದು ಜಿಂಕೆಗೆ ರೋಗ ಕಂಡರೆ ದೊಡ್ಡಿಯ ಮಂದೆಯನ್ನೇ ಕೊಲ್ಲಬೇಕಾಗಿ ಬರಬಹುದು. ಇದು ಬೇಟೆಯಲ್ಲ, ಬೇಟೆಯ ಹೆಸರು ಕೆಡಿಸುವ ದಂಧೆ. ಕಾಡಿನ ಜಿಂಕೆ ತನ್ನ ಪಾಡಿಗೆ ಹತ್ತು ಕಡೆ ಹತ್ತು ಸೊಪ್ಪು ಮೇಯುತ್ತಿತ್ತು. ಅದನ್ನು ದಿನಕ್ಕೆರಡು ಸಲ ಒಂದೇ ಜಾಗದಲ್ಲಿ, ಮೂತಿಗೆ ಮೂತಿ ತಗಲುವಂತೆ, ಒಬ್ಬರ ಜೊಲ್ಲು ಬಿದ್ದ ಮಣ್ಣಿಗೆ ಇನ್ನೊಬ್ಬರ ನಾಲಗೆ ತಾಗುವಂತೆ ನಿಲ್ಲಿಸಿದ್ದು ಯಾರು? ನೀವು. ಇದಕ್ಕೆ ದಾಸೋಹ ಅನ್ನಬೇಡಿ. ಆ ಹೆಸರಿನಲ್ಲಿ ನಿಜವಾಗಿ ಅನ್ನ ಹಾಕಿದವರು ನಮ್ಮೂರಲ್ಲಿದ್ದಾರೆ, ಉಂಡವರ ಎದೆಗೆ ಗುರಿಯಿಟ್ಟವರಲ್ಲ ಅವರು.

ಫೀಡರ್: ಹಂದೀನೂ ಅಲ್ಲೇ ಮೂತಿ ಇಡ್ತಾವ...

ಪ್ರಶ್ನೆ: ನಾನು ಹಂದಿ ವಿಷಯ ಕೇಳಲಿಲ್ಲ.

ಫೀಡರ್: ಸರಿ, ನನ್ನ ಬೈರಿ. ಡ್ರಮ್ಮಿಗೆ ಬೈಗಳ ತಟ್ಟೂದಿಲ್ಲ. ಆದ್ರ ಒಂದು ಕೇಳ್ತೀನಿ. ನಿಮ್ಮ ಕಂಪನಿ ಕ್ಯಾಲಿಫೋರ್ನಿಯಾ ಬಿಟ್ಟು ಇಲ್ಲಿಗೆ ಯಾಕ ಬಂತು? ಈ ರಾಜ್ಯದಾಗ ಯಾರ ಪಗಾರಕ್ಕೂ ರಾಜ್ಯದ ಆದಾಯ ತೆರಿಗಿ ಇಲ್ಲ, ಜಾಗಾ ಸೋವಿ, ಅಂತ. ನೀವು ಯಾಕ ಬಂದ್ರಿ? ಹದಿನೈದು ದಿನಕ್ಕೊಮ್ಮೆ ಖಾತೆಗೆ ರೊಕ್ಕ ಬೀಳ್ತೈತಿ, ಅದು ಎಲ್ಲಿ ಬೀಳ್ತೈತೋ ಅಲ್ಲೇ ನಿಲ್ಲಬೇಕು ಅಂತ. ಕಂಪನಿ ಆಚೆ ಸರದ್ರ ನೀವೂ ಸರದ್ರಿ. ಟೈಮರ್ ನಿಮಗೂ ಐತ್ರಿ. ಹದಿನೈದು ದಿನದ್ದು ಅಷ್ಟ. ಅಟ್ಟಣಿ ಎಲ್ಲೈತಿ ಅಂತ ನೀವು ಯಾವಾಗರ ತಲಿ ಎತ್ತಿ ನೋಡೀರೇನು?

ಪ್ರಶ್ನೆ: ನೋಡಿದ್ದೇನೆ. 60 ದಿನದ ದೂರದಲ್ಲಿದೆ.

ಫೀಡರ್: ಅಂದ್ರ ಜಿಂಕಿಗಿಂತ ನೀವು ಶ್ಯಾಣ್ಯಾ. ಆದ್ರೂ ಮೇಯಲಿಕ್ಕೆ ಬಂದ್ರಿ.

ಪ್ರಶ್ನೆ: ಗ್ರೀನ್ ಕಾರ್ಡ್ ಒಂದು ಕೈಗೆ ಸಿಕ್ಕಿದ್ದರೆ... ಹೋಗಲಿ ಬಿಡಿ. ಕೊನೆಯ ಪ್ರಶ್ನೆ. ಹೊಸದಾಗಿ ಬರುವ ಕನ್ನಡಿಗರಿಗೆ ಇಲ್ಲಿ ಬೇಟೆ ಹೇಗೆ? ಒಂದೇ ಮಾತಿನಲ್ಲಿ ಹೇಳಿ.

ಫೀಡರ್: ಜಿಂಕಿಗೆ ಬರ ಇಲ್ಲ, 50 ಲಕ್ಷದ ಮ್ಯಾಲ ಅದಾವ. ಜಾಗಾಕ್ಕ ಬರ ಐತಿ. ಆರು ತಿಂಗಳು ಸುಮ್ಮನ ಕೂತರ 290 ಡಾಲರ್ ಉಳೀತೈತಿ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮ್ಯಾಲ ಹುಟ್ಟಿದವರು ಹಂಟರ್ ಎಜುಕೇಷನ್ ಮುಗಿಸಿರಬೇಕು, ಕ್ಯಾಲಿಫೋರ್ನಿಯಾದಾಗ ಮಾಡಿದ್ದಿದ್ರ ಅದ ಸರ್ಟಿಫಿಕೇಟ್ ನಡೀತೈತಿ. ಗುತ್ತಿಗಿ ಕಾಗದಕ್ಕ ಸಹಿ ಹಾಕೂ ಮುಂದ ದೊಡ್ಡಿ ಜಿಂಕಿ ತಂದು ಬಿಟ್ಟಾರೇನು ಅಂತ ಕೇಳ್ರಿ. ಹೊಡದ ಜಿಂಕಿನ ಟೆಸ್ಟ್ ಮಾಡಿಸದ ತಿನ್ನಬ್ಯಾಡ್ರಿ.

ಪ್ರಶ್ನೆ: ಅದು ಒಂದೇ ಮಾತಾಗಲಿಲ್ಲ.

ಫೀಡರ್: ಒಂದೇ ಮಾತು ಬೇಕಾ? ಹಂದಿ.