ಇಷ್ಟು-ದೂರ-ಬಂದ ನ್ಯಾಯ: ಉತ್ತರ ಬೆಂಗಳೂರು ಗೃಹಸ್ಥರ ಕಡಲಯಾನ ಮೀಮಾಂಸೆ

ಪೀಠಿಕೆ

ಉತ್ತರ ಬೆಂಗಳೂರಿನಲ್ಲಿ ಕಡಲಿನ ಅಸ್ತಿತ್ವಕ್ಕೆ ದೊರೆಯುವ ಲಿಖಿತ ಪ್ರಮಾಣ ಒಂದೇ, ರೈಲು ನಿಲ್ದಾಣದ ಹಳದಿ ಶಾಸನ. ಯಶವಂತಪುರದಲ್ಲಾಗಲಿ ಯಲಹಂಕದಲ್ಲಾಗಲಿ ಪ್ಲಾಟ್‌ಫಾರಂನ ತುದಿಗೆ ನಡೆದರೆ, ಊರಿನ ಹೆಸರಿನ ಅಡಿಯಲ್ಲಿ ಸಮುದ್ರಮಟ್ಟದಿಂದ ನಾವೆಷ್ಟು ಮೇಲಿದ್ದೇವೆ ಎಂಬ ಒಕ್ಕಣೆ ಕಾಣುತ್ತದೆ; ಒಂಬೈನೂರು ಮೀಟರಿನ ಆಸುಪಾಸು. ಪೂರ್ವಸೂರಿಗಳು ಇದನ್ನು ಬರೀ ಎತ್ತರದ ಲೆಕ್ಕವೆಂದು ಬಗೆದು ರೈಲು ಹತ್ತಿಬಿಟ್ಟರು. ಪ್ರಸ್ತುತ ಪ್ರಬಂಧಕಾರನ ಮತದಲ್ಲಿ ಅದೊಂದು ವಿಧಿವಾಕ್ಯ: ಮೂರು ದಿನ ಒಟ್ಟಿಗೆ ರಜೆ ಸಿಕ್ಕಾಗ ಗೃಹಸ್ಥನಾದವನು ಸಪರಿವಾರನಾಗಿ ಅಷ್ಟನ್ನೂ ಇಳಿಯತಕ್ಕದ್ದು.

ಪೂರ್ವಪಕ್ಷ

ಇಲ್ಲಿ ಹೆಬ್ಬಾಳದವರ ಆಕ್ಷೇಪವಿದೆ. ‘ನೀರು ನೋಡಲು ಅಷ್ಟು ದೂರ ಯಾಕೆ? ಮನೆ ಎದುರಿಗೇ ಹೆಬ್ಬಾಳ ಕೆರೆ. ಇನ್ನೂ ಬೇಕೆಂದರೆ ಜಕ್ಕೂರು, ರಾಚೇನಹಳ್ಳಿ. ಯಲಹಂಕದ ಪುಟ್ಟೇನಹಳ್ಳಿ ಕೆರೆಯಂತೂ ಸರ್ಕಾರವೇ ಘೋಷಿಸಿದ ಪಕ್ಷಿ ಸಂರಕ್ಷಣಾ ಮೀಸಲು. ಹೆಜ್ಜಾರ್ಲೆ ಅಲ್ಲಿಗೇ ಹಾರಿ ಬರುವಾಗ ನಾವು ಮಂಗಳೂರಿಗೆ ಹೋಗುವುದು ಯಾವ ಬುದ್ಧಿ?’

ಸಮಾಧಾನ: ಕೆರೆಗೆ ಹೋಗಲು ರಜೆ ಹಾಕಬೇಕಿಲ್ಲ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಡಬೇಕಿಲ್ಲ, ಹಾಲಿನವನಿಗೆ ಬೇಡವೆನ್ನಬೇಕಿಲ್ಲ. ಈ ಮೂರೂ ಇಲ್ಲದ್ದು ವಾಯುವಿಹಾರ. ಪ್ರವಾಸವೆಂಬ ಸಂಜ್ಞೆ ಅದಕ್ಕೆ ಸಲ್ಲದು.

ಶಾಖಾಭೇದ

ಕಡಲಿಗೆ ಇಳಿಯುವ ಕ್ರಮದಲ್ಲಿ ಮೂರು ಶಾಖೆಗಳಿವೆ. ಯಶವಂತಪುರ ಶಾಖೆಯವರು ಹಗಲು ರೈಲಿನವರು. ಸಕಲೇಶಪುರ–ಸುಬ್ರಹ್ಮಣ್ಯದ ನಡುವಿನ 55 ಕಿ.ಮೀ. ಘಾಟಿಯೇ ಇವರಿಗೆ ಪರಮಗತಿ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿಯುವ ಈ ಹಾದಿಯಲ್ಲಿ 57 ಸುರಂಗಗಳಿವೆ. 2021ರ ಜುಲೈನಲ್ಲಿ ಈ ದಾರಿಯ ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿದ ಮೇಲೆ, ಹೆಚ್ಚು ದುಡ್ಡು ತೆತ್ತು ಐವತ್ತೇಳು ಸಲ ಕತ್ತಲೆಯನ್ನು ಸ್ಫುಟವಾಗಿ ಕಾಣುವ ಸೌಕರ್ಯವೂ ಒದಗಿತು. ಪ್ರತಿ ಸುರಂಗದಲ್ಲೂ ಮಕ್ಕಳು ‘ಹೋ’ ಎನ್ನುತ್ತವೆ. ಮೂವತ್ತನೆಯದು ದಾಟಿದ ಮೇಲೆ ದೊಡ್ಡವರೂ ಎನ್ನುತ್ತಾರೆ.

ಯಲಹಂಕ ಶಾಖೆ ಸ್ವಂತ ಕಾರಿನದು. ಇವರ ಆಗಮಶಾಸ್ತ್ರದ ಪ್ರಕಾರ ಬೆಳಗಿನ ನಾಲ್ಕಕ್ಕೆ ಹೊರಟರೆ ಮಾತ್ರ ಗೊರಗುಂಟೆಪಾಳ್ಯ ದಾಟಲು ಸಾಧ್ಯ. ನಾಲ್ಕಕ್ಕೆ ಹೊರಡುವ ಸಂಕಲ್ಪದಿಂದ ಆರಕ್ಕೆ ಹೊರಟು, ಸಿಗ್ನಲ್ಲಿನಲ್ಲಿ ನಿಂತು ‘ನಾನು ಆಗಲೇ ಬಡ್ಕೊಂಡೆ’ ಎಂಬ ಮಂತ್ರವನ್ನು ಪಠಿಸಿ, ಬೆಳ್ಳೂರು ಕ್ರಾಸಿನಲ್ಲಿ ತಿಂಡಿ ತಿನ್ನುವುದು ಸಂಪ್ರದಾಯ. ಡಬ್ಬಿಯಲ್ಲಿ ಪುಳಿಯೋಗರೆ ಇದ್ದೇ ಇರುತ್ತದೆ. ಅದು ಶಿರಾಡಿ ಘಾಟಿಗೆ ಮೀಸಲು. ವಾಂತಿ ಮಾತ್ರೆ ಯಾರ ಬ್ಯಾಗಿನಲ್ಲಿದೆ ಎಂಬುದು ಘಾಟಿ ಮುಗಿದ ಮೇಲೆ ತಿಳಿಯುತ್ತದೆ.

ಆರ್.ಟಿ. ನಗರ ಶಾಖೆಯವರು ಟೆಂಪೊ ಟ್ರಾವೆಲರ್ ಮಾಡಿಕೊಂಡು ಎರಡು ಮೂರು ಸಂಸಾರ ಕೂಡಿ ಹೋಗುವವರು. ಇವರಲ್ಲಿ ಹಿಂದಿನ ಸೀಟಿಗೆ ಯಾರು ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗದ ಕಾರಣ ಆ ಶಾಖೆಯ ವಿವರವನ್ನು ಕೈಬಿಟ್ಟಿದೆ.

ಪ್ರಧಾನ ಸಿದ್ಧಾಂತ

ತರ್ಕಶಾಸ್ತ್ರದಲ್ಲಿ ಕಾಕತಾಳೀಯ ನ್ಯಾಯವಿದೆ, ಸ್ಥಾಲೀಪುಲಾಕ ನ್ಯಾಯವಿದೆ. ಆದರೆ ಮೂರೂ ಶಾಖೆಗಳು ತಲೆಬಾಗುವ ನ್ಯಾಯವನ್ನು ಇದುವರೆಗೆ ಯಾರೂ ಗ್ರಂಥಸ್ಥಗೊಳಿಸಿಲ್ಲ. ಅದರ ಸೂತ್ರರೂಪ ಹೀಗಿದೆ:

‘ರೀ, ಇಷ್ಟು ದೂರ ಬಂದಿದೀವಿ, ಅದನ್ನೂ ನೋಡ್ಕೊಂಡೇ ಹೋಗ್ಬಿಡೋಣ.’

ವೃತ್ತಿ: ‘ಅದು’ ಎಂದರೆ ಮುಂದಿನದು. ಮಂಗಳೂರಿನಲ್ಲಿ ನಿಂತಾಗ ಅದು ಕಟೀಲು, ಕಟೀಲಿನಲ್ಲಿ ಉಡುಪಿ, ಉಡುಪಿಯಲ್ಲಿ ಕೊಲ್ಲೂರು, ಮುರ್ಡೇಶ್ವರದಲ್ಲಿ ಇಡಗುಂಜಿ, ಇಡಗುಂಜಿಯಲ್ಲಿ ಗೋಕರ್ಣ. ಈ ನ್ಯಾಯಕ್ಕೆ ತಡೆಯೇ ಇಲ್ಲ. ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ.ಗೆ ಮುಗಿಯುವುದರಿಂದ ಮಾತ್ರ ಗೃಹಸ್ಥರು ಸೋಮವಾರ ಆಫೀಸಿಗೆ ಮರಳುತ್ತಿದ್ದಾರೆ.

ದೃಷ್ಟಾಂತಗಳು

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಜಗತ್ತು ನಿಂತು ನೋಡುವ ಈ ಜಾಗವನ್ನು ನಮ್ಮ ಗೃಹಸ್ಥ ಚಲಿಸುತ್ತಲೇ ಸಾಧಿಸುತ್ತಾನೆ: ‘ಎರಡೂ ಕಿಟಕಿಯಿಂದ ಕಾಣ್ತಿದೆಯಲ್ಲ, ಇಳಿಯೋದ್ಯಾಕೆ? ಮುಂದೆ ಮುರ್ಡೇಶ್ವರ ಇದೆ.’ ಅಲ್ಲಿ 123 ಅಡಿಯ ಶಿವನಿಗಿಂತ, ಇಪ್ಪತ್ತಂತಸ್ತಿನ ಗೋಪುರದ ಲಿಫ್ಟಿನ ಸಾಲಿನಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ. 1901ರ ಕಾಪು ದೀಪಸ್ತಂಭವನ್ನು ಮಂಡಿ ಗಟ್ಟಿ ಇರುವವರು ಹತ್ತುತ್ತಾರೆ. ಉಳಿದವರು ಕೆಳಗೆ ಚಪ್ಪಲಿ ಕಾಯುತ್ತಾರೆ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ ವಿಶೇಷ ಅಧ್ಯಯನಕ್ಕೆ ಅರ್ಹ. ಎಂಟು ಕೋಟಿ ವರ್ಷಕ್ಕೂ ಹಿಂದೆ, ಮಡಗಾಸ್ಕರ್ ಭಾರತದಿಂದ ಪಾಲು ತೆಗೆದುಕೊಂಡು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಇಲ್ಲಿ ಕಂಬಗಳಾಗಿ ನಿಂತಿದೆ. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಭೂಖಂಡವೇ ಒಟ್ಟಿಗಿರಲಾಗದ ಆ ಜಾಗದಲ್ಲಿ ಕಂಬಕ್ಕೊಬ್ಬರಂತೆ ನಿಂತು ‘ಎಲ್ರೂ ಒಟ್ಟಿಗೆ ಬನ್ನಿ, ಚಿಕ್ಕಪ್ಪ ಫ್ರೇಮಲ್ಲಿಲ್ಲ’ ಎನ್ನುವುದು ಅವಿಭಕ್ತ ಕುಟುಂಬದ ಅಂತಿಮ ಯತ್ನ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅದು ಗೊತ್ತಾಗುವುದು ಮಲ್ಪೆಗೆ ಬಂದ ಮೇಲೆ.

ಹಿಂದಿನವರಲ್ಲಿ ಈ ನ್ಯಾಯವನ್ನು ಮುರಿದ ಉದಾಹರಣೆಯೂ ಸಿಗುತ್ತದೆ. ರವೀಂದ್ರನಾಥ ಟ್ಯಾಗೋರರು ಯೌವನದಲ್ಲಿ ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಬಂದವರು ಅಲ್ಲೇ ಉಳಿದು ನಾಟಕವೊಂದನ್ನು ಬರೆದರು. ಇಂದು ಆ ಕಡಲತೀರಕ್ಕೆ ಅವರದೇ ಹೆಸರು. ಕಲ್ಕತ್ತೆಯಿಂದ ಅಷ್ಟು ದೂರ ಬಂದೂ ‘ಮುಂದೆ ಯಾವುದು’ ಎಂದು ಅವರು ಕೇಳಲಿಲ್ಲ. ಟ್ರಾವೆಲರಿನ ಬಾಡಿಗೆ ಕಿ.ಮೀ. ಲೆಕ್ಕದಲ್ಲಿರಲಿಲ್ಲ ಎಂಬುದೇ ಇದಕ್ಕೆ ಕಾರಣವಿರಬೇಕು.

ಬಾಧಕ ಪ್ರಮಾಣ

ಇಷ್ಟರವರೆಗೆ ಸಿದ್ಧಾಂತ ಅಭೇದ್ಯ. ಆದರೆ ಹೊನ್ನಾವರದ ಕಾಸರಕೋಡಿನಲ್ಲಿ ಅದಕ್ಕೆ ತೊಡಕು ಬರುತ್ತದೆ. ಪಡುಬಿದ್ರಿಯ ಜೊತೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಇದು. ‘ಬರೀ ಹತ್ತು ನಿಮಿಷ’ ಎಂದು ಗೃಹಸ್ಥ ಕಾರು ನಿಲ್ಲಿಸುತ್ತಾನೆ. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಅವನ ಅತ್ತೆ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಅಲೆಗೆ ಕಾಲು ಕೊಟ್ಟು ನಿಲ್ಲುತ್ತಾರೆ. ಅರ್ಧ ಗಂಟೆಯಾಗುತ್ತದೆ. ‘ಅತ್ತೆ, ಗೋಕರ್ಣ ಬಾಗಿಲು ಹಾಕ್ಬಿಡ್ತಾರೆ’ ಎಂದು ಅಳಿಯ ಕೂಗಿದರೆ ಬರುವ ಉತ್ತರ:

‘ಇಷ್ಟು ದೂರ ಬಂದಿದೀವಿ ಕಣಪ್ಪ, ಇನ್ನೊಂಚೂರು ಇದ್ದು ಹೋಗೋಣ.’

ಗಮನಿಸಬೇಕಾದ್ದು ಇದು: ಹೇತು ಅದೇ, ಸಾಧ್ಯ ತದ್ವಿರುದ್ಧ. ಹೊರಡಲು ಕೊಟ್ಟ ಕಾರಣವೇ ಉಳಿಯಲೂ ಕಾರಣ. ಇಂಥ ಹೇತುವನ್ನು ತಾರ್ಕಿಕರು ಅನೈಕಾಂತಿಕವೆಂದು ತಳ್ಳಿಹಾಕುತ್ತಾರೆ. ಅಳಿಯನಿಗೆ ಆ ಸ್ವಾತಂತ್ರ್ಯವಿಲ್ಲ. ಅವನೂ ಪ್ಯಾಂಟು ಮಡಚುತ್ತಾನೆ.

ಫಲಶ್ರುತಿ

ಈ ಶಾಸ್ತ್ರವನ್ನು ಹೊರಡುವ ಹಿಂದಿನ ರಾತ್ರಿ ಪಠಿಸುವ ಗೃಹಸ್ಥನ ಪಟ್ಟಿಯಿಂದ ನಾಲ್ಕು ಊರುಗಳು ತಾವಾಗಿ ಉದುರಿಹೋಗುತ್ತವೆ. ಅವನಿಗೆ ಸಂಜೆಯೊಂದು ಪೂರ್ತಿ ದಕ್ಕುತ್ತದೆ. ಪಠಿಸದವನು ಎಲ್ಲ ಊರನ್ನೂ ಮುಗಿಸಿ, ಭಾನುವಾರ ನಡುರಾತ್ರಿ ನೆಲಮಂಗಲ ಟೋಲಿನ ಸಾಲಿನಲ್ಲಿ ‘ಸಮುದ್ರ ಯಾವ ದಿನ ನೋಡಿದ್ದು?’ ಎಂದು ಹೆಂಡತಿಯನ್ನು ಕೇಳಿ, ಗೊರಗುಂಟೆಪಾಳ್ಯದವರೆಗೂ ಬೈಸಿಕೊಳ್ಳುತ್ತಾನೆ.