ಶಬ್ದಮಾಣಿದರ್ಪಣ: ಮೊದಲ ನೋಟದ ಸ್ಪ್ಯಾನಿಷ್ ವ್ಯಾಕರಣ, ಮಾಣಿ ಪಾಠಾಂತರ

ಸ್ಪ್ಯಾನಿಷ್ ಭಾಷೆಗೆ ನೆಬ್ರಿಹಾ ವ್ಯಾಕರಣ ಬರೆದದ್ದು 1492ರಲ್ಲಿ. ನಮ್ಮ ಕೇಶಿರಾಜ ಅದಕ್ಕೆ ಎರಡು ಶತಮಾನ ಹಿಂದೆಯೇ ಶಬ್ದಮಣಿದರ್ಪಣ ಮುಗಿಸಿ ಕೈ ತೊಳೆದುಕೊಂಡಿದ್ದ. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಕಿಟ್ಟೆಲರ ಸಂಪಾದನೆಯಲ್ಲಿ ಆ ಗ್ರಂಥವನ್ನೂ, ಬ್ರಿಗೆಲರ ತುಳು ವ್ಯಾಕರಣವನ್ನೂ ಹೊರತಂದಿತು. ಇಷ್ಟೆಲ್ಲ ಆದರೂ ಇವರಲ್ಲಿ ಒಬ್ಬರೂ ಮಾಣಿ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾದವರಲ್ಲ. ಆ ಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕ್ಷೇತ್ರನಿರ್ಣಯ. ಹೆದ್ದಾರಿ 75 ಇಲ್ಲಿಂದ ಉಪ್ಪಿನಂಗಡಿ, ಶಿರಾಡಿಯತ್ತ ಹೋಗುತ್ತದೆ. 275 ಪುತ್ತೂರು, ಸುಳ್ಯ, ಮಡಿಕೇರಿ ಹಿಡಿದು ಮೈಸೂರಿಗೆ ಕವಲೊಡೆಯುತ್ತದೆ. ತುಳು, ಬ್ಯಾರಿ, ಕೊಂಕಣಿ, ಹವ್ಯಕ ಎಲ್ಲವೂ ಒಂದೇ ಮಾಡಿನ ಕೆಳಗೆ ಬಸ್ಸು ಕಾಯುತ್ತವೆ. ಅಪರಿಚಿತರು ಸಿಗಲು ಇದಕ್ಕಿಂತ ಪ್ರಶಸ್ತ ಜಾಗವಿಲ್ಲ ಎಂಬುದು ಪೂರ್ವಪಕ್ಷ.

ಒಬ್ಬರು ಮೊದಲ ಭೇಟಿಯಲ್ಲೇ ಹಿಡಿಸಿದರೆ ಸ್ಪೇನಿನವರು 'ಮೆ ಕಯೋ ಬಿಯೆನ್' ಅನ್ನುತ್ತಾರೆ. ಅಕ್ಷರಶಃ ನೋಡಿದರೆ 'ನನಗೆ ಆತ ಚೆನ್ನಾಗಿ ಬಿದ್ದ'. ವಿಭಕ್ತಿಯಲ್ಲಿ ತಕರಾರಿಲ್ಲ, 'ನನಗೆ ಹಿಡಿಸಿದರು' ಎನ್ನುವಾಗ ನಮ್ಮದೂ ಚತುರ್ಥಿಯೇ. ತಕರಾರು ಧಾತುವಿನದ್ದು. ತೆಂಗಿನ ತೋಟದಲ್ಲಿ ಬೆಳೆದವನಿಗೆ, ಮೇಲಿಂದ ಬಿದ್ದದ್ದು ಚೆನ್ನಾಗಿ ಬಿತ್ತು ಎಂದು ಒಪ್ಪಿಸುವುದು ಕಷ್ಟ.

ಸೆರ್, ಎಸ್ತಾರ್ ಎಂಬ ಎರಡು 'ಇರು'ಗಳು ಕಲಿಯುವವರನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತವೆ. ಮಾಣಿಯಲ್ಲಿ ಅದು ಎರಡು ವಾಕ್ಯದ ಪಾಠ. 'ಜನ ಜೋರು': ಕ್ರಿಯಾಪದವೇ ಬೇಡ, ಹುಟ್ಟುಗುಣ, ಸೆರ್. 'ಇವತ್ತು ಸ್ವಲ್ಪ ಜೋರಿದ್ದಾರೆ': ಬಸ್ಸು ತಪ್ಪಿದೆ, ನಾಳೆಗೆ ಸರಿಹೋದೀತು, ಎಸ್ತಾರ್.

ಇನ್ನು ಕಾಲವಿಚಾರ. ಕಾಫಿ ಈಗಲೇ ಬೇಕಿದ್ದರೂ ಸ್ಪೇನಿನ ವಿನಯಶೀಲ 'ಕೆರಿಯಾ ಉನ್ ಕಫೆ' ಎಂದು ಭೂತಕಾಲಕ್ಕೆ ಸರಿಯುತ್ತಾನೆ. ನಮ್ಮಲ್ಲೂ ಮನೆ ಕಟ್ಟಿದಲ್ಲೇ ನಿಂತಿದ್ದರೂ ಪ್ರಶ್ನೆ ಮಾತ್ರ ಭೂತದಲ್ಲಿ. ಉದಾಹರಣೆ:

"ನಿಮ್ಮ ಮನೆ ಎಲ್ಲಾಯ್ತು?"

"ಕಬಕ."

"ಕಬಕದಲ್ಲಿ ಎಲ್ಲಿ?"

"ಪೇಟೆಯಿಂದ ಸ್ವಲ್ಪ ಒಳಗೆ."

"ಒಳಗೆ ಅಂದ್ರೆ ಶಾಲೆಯಿಂದ ಆಚೆಯಾ, ಈಚೆಯಾ?"

"ಆಚೆ."

"ಓ! ಹಾಗಾದ್ರೆ ನಮ್ಮ ಭಾವನ ತೋಟ ನಿಮ್ಮ ಬೇಲಿಗೆ ತಾಗಿಕೊಂಡೇ ಉಂಟಲ್ಲ ಮಾರಾಯ್ರೆ!"

ವಿದ್ವಾಂಸರು ಗಮನಿಸಬೇಕು: ಹೆಸರು ಇನ್ನೂ ಕೇಳಿಲ್ಲ. ಮುಖವನ್ನೂ ಸರಿಯಾಗಿ ನೋಡಿಲ್ಲ. ಇಬ್ಬರ ಕಣ್ಣೂ ಬಿ.ಸಿ. ರೋಡ್ ಕಡೆಯಿಂದ ಬರುವ ಬಸ್ಸಿನ ಬೋರ್ಡಿನ ಮೇಲಿದೆ. ಅಷ್ಟರಲ್ಲೇ ಅಭಿಪ್ರಾಯ ಹೇಳುವ ಅಧಿಕಾರ ಭಾವನಿಗೆ ವರ್ಗವಾಗಿಹೋಯಿತು. ಆತ ಸಂಜೆ ಫೋನಿನಲ್ಲಿ "ಜನ ಪಾಪವೇ. ಆದ್ರೆ ಬೇಲಿ ವಿಷಯದಲ್ಲಿ ಸ್ವಲ್ಪ..." ಎಂದು ತೀರ್ಪು ಕೊಡುತ್ತಾನೆ. ಈ ಚುಕ್ಕಿಗಳು ಯಾವ ವಿಭಕ್ತಿ ಎಂಬುದನ್ನು ಕೇಶಿರಾಜನೂ ಹೇಳಿಲ್ಲ.

ಸಿದ್ಧಾಂತ ಇಷ್ಟು: ಮಾಣಿಯಲ್ಲಿ ಮೊದಲ ಅಭಿಪ್ರಾಯವೆಂಬುದು ಅಸಿದ್ಧ. ಮೂರನೆಯ ಪ್ರಶ್ನೆಗೇ ಸಂಬಂಧ ಹೊರಡುವ ಊರಿನಲ್ಲಿ ಅಪರಿಚಿತರನ್ನು ಎಲ್ಲಿಂದ ತರುವುದು? ಆದಕಾರಣ ಮ್ಯಾಡ್ರಿಡ್ಡಿಗೆ ಹೊರಟ ನಮ್ಮ ಮಕ್ಕಳು ಬೇರೆ ಪಾಠ ಬಿಟ್ಟರೂ 'ದೆ ದೊಂದೆ ಎಸ್ ಉಸ್ತೆದ್?' ಎಂಬುದೊಂದನ್ನು ಬಾಯಿಪಾಠ ಮಾಡಲಿ. ಉಸ್ತೆದ್ ಎಂದರೆ ನಮ್ಮ ನೀವು, ತುಳುವಿನ ಈರ್. ಹಿರಿಯರಿಗೆ 'ತು' ಅನ್ನಬಾರದು. 'ಟೊಲೆಡೊ' ಎಂದು ಉತ್ತರ ಬಂದರೆ ಅಷ್ಟಕ್ಕೇ ಬಿಡಬೇಡಿ. ಟೊಲೆಡೊದಲ್ಲಿ ಎಲ್ಲಿ ಎಂದು ಕೇಳಿ.